ಅಡುಗೆಮನೆ ಪ್ರಶ್ನೋತ್ತರ: ಕಟ್ಸು ಕರ್ರಿಯ ಗರಿಗರಿ ಬೇರೆ, ಗೊಜ್ಜು ಬೇರೆ

ಜಪಾನಿನ ಕಟ್ಸು ಕರ್ರಿಯನ್ನು ಮನೆಯಲ್ಲೇ ಮಾಡಲು ಹೊರಟವರ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಬ್ರೆಡ್ ತರಿ ಹೊದಿಸಿ ಕರಿದ ಮಾಂಸದ ತುಂಡು, ಬಿಸಿ ಅನ್ನ, ಪಕ್ಕದಲ್ಲಿ ದಪ್ಪನೆಯ ಕಂದು ಗೊಜ್ಜು, ತಟ್ಟೆಯಲ್ಲಿ ಇರುವುದು ಇಷ್ಟೇ. ಬಂದ ಪತ್ರಗಳನ್ನು ಓದಿದಾಗ ಒಂದು ಮಾತು ಎದ್ದು ಕಾಣಿಸಿತು. ಬಹುಪಾಲು ತೊಂದರೆ ಹುಟ್ಟುವುದು ಇದನ್ನು ನಮ್ಮ ಸಾರು, ಗಸಿಯ ರೀತಿಯಲ್ಲಿ ಮಾಡಲು ಹೋದಾಗ. ಇಲ್ಲಿ ಒಗ್ಗರಣೆ ಇಲ್ಲ, ರುಬ್ಬಿದ ತೆಂಗಿನಕಾಯಿ ಇಲ್ಲ, ಕರಿದದ್ದನ್ನು ಗೊಜ್ಜಿನಲ್ಲಿ ಕುದಿಸುವುದಂತೂ ಇಲ್ಲವೇ ಇಲ್ಲ. ಎರಡೂ ಬೇರೆ ಬೇರೆ ಒಲೆಯಲ್ಲಿ ತಯಾರಾಗಿ ತಟ್ಟೆಯಲ್ಲಿ ಮಾತ್ರ ಒಂದಾಗಬೇಕು.

ಪ್ರಶ್ನೆ: ಬೆಂಗಳೂರಿನ ಹೋಟೆಲೊಂದರ ಮೆನುವಿನಲ್ಲಿ ‘ಕಟ್ಸು ಸಾಸ್’ ಎಂದು ಹಳದಿ ಕರ್ರಿಯನ್ನೇ ಬರೆದಿದ್ದರು. ಕಟ್ಸು ಅಂದರೆ ಗೊಜ್ಜೋ, ಮಾಂಸವೋ? (ಜಯನಗರ, ಬೆಂಗಳೂರು)

ಉತ್ತರ: ಕಟ್ಸು ಅಂದರೆ ಕರಿದ ತುಂಡು. ಇಂಗ್ಲಿಷಿನ ಕಟ್ಲೆಟ್ ಜಪಾನೀಯರ ನಾಲಿಗೆಯಲ್ಲಿ ‘ಕಟ್ಸುರೆಟ್ಸು’ ಆಗಿ, ಅದು ಸವೆದು ‘ಕಟ್ಸು’ ಆಯಿತು. ಹಂದಿ ಮಾಂಸದ್ದಾದರೆ ಟೊಂಕಟ್ಸು, ಕೋಳಿಯದ್ದಾದರೆ ಚಿಕನ್ ಕಟ್ಸು. ಗೊಜ್ಜಿನ ಹೆಸರು ಬರೀ ಕರ್ರಿ. ಗೊಜ್ಜನ್ನೇ ಕಟ್ಸು ಎನ್ನುವ ರೂಢಿ ಬ್ರಿಟನ್ನಿನಲ್ಲಿ ಬೆಳೆದದ್ದು, ಜಪಾನಿನಲ್ಲಿ ಹಾಗೆ ಕೇಳಿದರೆ ಯಾರಿಗೂ ಅರ್ಥವಾಗದು. ಇನ್ನೊಂದು ಗೊಂದಲವೂ ಇದೆ. ಅಂಗಡಿಯಲ್ಲಿ ‘ಟೊಂಕಟ್ಸು ಸಾಸ್’ ಎಂದು ಸಿಗುವ ಕಪ್ಪು, ಸಿಹಿ-ಹುಳಿ ಬಾಟಲಿ ಮೂರನೆಯದೇ ಒಂದು ವಸ್ತು. ಅದನ್ನು ಕರ್ರಿ ಇಲ್ಲದೆ ಕಟ್ಸು ತಿನ್ನುವಾಗ ಮೇಲೆ ಹಾಕಿಕೊಳ್ಳುತ್ತಾರೆ.

ಟೋಕಿಯೊದ ಗಿಂಜಾದಲ್ಲಿ 1895ರಲ್ಲಿ ಆರಂಭವಾದ ರೆಂಗಾತೇಯ್ ಎಂಬ ಹೋಟೆಲು ಹಂದಿ ಮಾಂಸದ ಕಟ್ಲೆಟ್ಟನ್ನು ಹೆಚ್ಚು ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಪದ್ಧತಿಗೆ ಹೆಸರಾಯಿತು. ಅದನ್ನು ಕರ್ರಿ ಅನ್ನದ ಮೇಲೆ ಇಟ್ಟವರು ಯಾರು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಹೆಚ್ಚು ಪ್ರಸಿದ್ಧವಾದದ್ದು ಗಿಂಜಾದ ‘ಸ್ವಿಸ್’ ಹೋಟೆಲಿನದು. ಯೊಮಿಯುರಿ ಜೈಂಟ್ಸ್ ತಂಡದ ಬೇಸ್‌ಬಾಲ್ ಆಟಗಾರ ಚಿಬಾ ಶಿಗೆರು 1948ರಲ್ಲಿ ಕರ್ರಿ ಅನ್ನದ ಮೇಲೆಯೇ ಕಟ್ಲೆಟ್ ಇಟ್ಟುಕೊಡಿ ಎಂದು ಕೇಳಿದ್ದರಿಂದ ಅದು ಮೆನುವಿಗೆ ಬಂತು ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ‘ಕಟ್ಸು’ ಎಂದರೆ ಗೆಲ್ಲು ಎಂಬ ಅರ್ಥವೂ ಇರುವುದರಿಂದ ಪರೀಕ್ಷೆ, ಪಂದ್ಯಗಳ ಹಿಂದಿನ ದಿನ ಮಕ್ಕಳಿಗೆ ಇದನ್ನು ಮಾಡಿಕೊಡುವುದುಂಟು.

ಪ್ರಶ್ನೆ: ಹಂದಿ ಮಾಂಸದಲ್ಲಿ ಮಾಡಿದೆವು. ಎಣ್ಣೆಗೆ ಬಿಟ್ಟ ಕೂಡಲೇ ತುಂಡು ಬಟ್ಟಲಿನ ಹಾಗೆ ಮುದುಡಿತು, ಕತ್ತರಿಸುವಾಗ ಹೊದಿಕೆ ಪೂರ್ತಿ ಕಳಚಿ ಬಂತು. (ವಿರಾಜಪೇಟೆ)

ಉತ್ತರ: ಇವು ಎರಡು ಬೇರೆ ತಪ್ಪುಗಳು. ಮೊದಲನೆಯದು ಮಾಂಸವನ್ನು ಅಣಿಮಾಡುವಾಗ ಆದದ್ದು.

ಪಂದಿ ಕರಿಗೆ ಕತ್ತರಿಸಿದ ಹಾಗೆ ಚರ್ಮ, ಕೊಬ್ಬು ಎಲ್ಲ ಸೇರಿದ ತುಂಡು ಇದಕ್ಕೆ ಆಗದು. ಬೆನ್ನಿನ ಭಾಗದ ಮಾಂಸ, ಅಂದರೆ ಲಾಯಿನ್, ಕೇಳಿ. ಚರ್ಮ ಮತ್ತು ಮೂಳೆ ತೆಗೆಸಿ, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಅಡ್ಡವಾಗಿ ಕೊಯ್ಸಿ. ಅಂಗಡಿಯವರಿಗೆ ತೋರುಬೆರಳಿನ ದಪ್ಪ ಎಂದರೆ ಸಾಕು. ಒಂದು ತುಂಡು 120ರಿಂದ 150 ಗ್ರಾಂ ಬರುತ್ತದೆ, ಒಬ್ಬರಿಗೆ ಒಂದು. ಅಂಚಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಬಿಳಿ ಕೊಬ್ಬು ಇರಲಿ.

ಆ ಕೊಬ್ಬು ಮತ್ತು ಕೆಂಪು ಮಾಂಸ ಕೂಡುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ತೆಳ್ಳಗೆ, ಬೆಳ್ಳಗೆ, ಹೊಳೆಯುವ ಒಂದು ಪೊರೆ ಉದ್ದಕ್ಕೂ ಓಡಿರುತ್ತದೆ. ಬಿಸಿ ತಾಕಿದ ತಕ್ಷಣ ಮಾಂಸಕ್ಕಿಂತ ಮೊದಲು ಕುಗ್ಗುವುದು ಈ ಪೊರೆ. ಅಂಚು ಎಳೆದುಕೊಂಡಾಗ ನಡುಭಾಗ ಉಬ್ಬಲೇಬೇಕು, ನಿಮ್ಮ ತುಂಡು ಬಟ್ಟಲಾದದ್ದು ಹೀಗೆ. ಚೂರಿಯ ತುದಿಯಿಂದ ಆ ಗೆರೆಗೆ ಅಡ್ಡಲಾಗಿ, ಎರಡು ಸೆಂಟಿಮೀಟರಿಗೊಂದರಂತೆ ಐದಾರು ಕಡೆ ಚುಚ್ಚಿ ಕೊಯ್ಯಿರಿ. ಎರಡೂ ಬದಿಯಲ್ಲಿ ಮಾಡಬೇಕು. ಆಮೇಲೆ ಲಟ್ಟಣಿಗೆಯಿಂದ ಹಗುರವಾಗಿ ನಾಲ್ಕೈದು ಸಲ ತಟ್ಟಿ, ಹರಡಿದ ತುಂಡನ್ನು ಕೈಯಿಂದ ಒತ್ತಿ ಮೊದಲಿನ ಆಕಾರಕ್ಕೆ ತನ್ನಿ. ತುಂಡೊಂದಕ್ಕೆ ಕಾಲು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು, ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಬೇಡ, ಅದರ ನೀರೇ ಹೊದಿಕೆಯ ಶತ್ರು.

ಹೊದಿಕೆ ಕಳಚುವುದಕ್ಕೆ ಮುಖ್ಯ ಕಾರಣ ಒದ್ದೆ. ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟರೆ ಮಾಂಸ ಬೆವರುತ್ತದೆ. ಆ ನೀರನ್ನು ಟಿಶ್ಯೂ ಕಾಗದದಿಂದ ಒತ್ತಿ ಒರೆಸಿದ ಮೇಲೆಯೇ ಮೈದಾ ಸವರಬೇಕು. ಮೈದಾ ತೆಳ್ಳಗೆ, ಮೂಲೆಮೂಲೆಗೂ ತಾಕಬೇಕು. ಹೆಚ್ಚಾದದ್ದನ್ನು ಕೈಗೆ ತಟ್ಟಿ ಉದುರಿಸಿ. ಬಿಳಿ ಪದರ ದಪ್ಪವಾಗಿ ಉಳಿದರೆ ಅದು ಒಳಗೆ ಹಸಿ ಅಂಟಾಗಿ, ಮಾಂಸಕ್ಕೂ ಹೊದಿಕೆಗೂ ನಡುವೆ ಜಾರುಬಂಡೆಯಾಗುತ್ತದೆ. ನಾಲ್ಕು ತುಂಡಿಗೆ ಎರಡು ಮೊಟ್ಟೆ, ಒಂದು ದೊಡ್ಡ ಚಮಚ ನೀರು, ಒಂದು ಟೀ ಚಮಚ ಎಣ್ಣೆ ಹಾಕಿ ಲೋಳೆಯ ಎಳೆ ಕಾಣದಷ್ಟು ಕಡೆಯಿರಿ. ಮೊಟ್ಟೆಯಲ್ಲಿ ಅದ್ದಿ, ಹನಿ ಬೀಳುವುದು ನಿಂತ ಮೇಲೆ ಬ್ರೆಡ್ ತರಿಯ ಹಾಸಿನ ಮೇಲೆ ಇಡಿ. ಮೇಲೆಯೂ ಧಾರಾಳವಾಗಿ ತರಿ ಸುರಿದು ಅಂಗೈಯಿಂದ ಒತ್ತಿ. ತಟ್ಟಬೇಡಿ, ಉಜ್ಜಬೇಡಿ. ಹೊದಿಸಿದ ತುಂಡನ್ನು ಹತ್ತು ನಿಮಿಷ ಹಾಗೇ ಬಿಟ್ಟರೆ ಮೈದಾ ಮೊಟ್ಟೆಯ ತೇವ ಕುಡಿದು ಅಂಟಾಗಿ ಹಿಡಿಯುತ್ತದೆ. ಎಣ್ಣೆಯಲ್ಲಿ ಮೊದಲ ಒಂದೂವರೆ ನಿಮಿಷ ಸೌಟು ಮುಟ್ಟಿಸಲೇಬಾರದು.

ಪ್ರಶ್ನೆ: ಪ್ಯಾಕೆಟ್ಟಿನ ಬ್ರೆಡ್ ಕ್ರಂಬ್ಸ್ ಬಳಸಿದರೆ ಗರಿಗರಿ ಆಗುವುದಿಲ್ಲ, ಗಟ್ಟಿ ಚಿಪ್ಪಿನ ಹಾಗಾಗುತ್ತದೆ. ಜಪಾನಿನ ಬ್ರೆಡ್ ತರಿ ಪಾಂಕೊ ಇಲ್ಲಿ ಸಿಗುವುದೂ ಕಷ್ಟ. (ಹುಬ್ಬಳ್ಳಿ)

ಉತ್ತರ: ಪ್ಯಾಕೆಟ್ಟಿನ ಪುಡಿ ರವೆಯಷ್ಟು ಸಣ್ಣ. ಅದು ಒತ್ತೊತ್ತಾಗಿ ಕೂತು ಗೋಡೆ ಕಟ್ಟುತ್ತದೆ. ಮಾಂಸದ ಆವಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಜಪಾನಿನ ಪಾಂಕೊ ಅಕ್ಕಿ ಅವಲಕ್ಕಿಯ ಚೂರಿನಂತೆ ಉದ್ದುದ್ದ, ಪೊಳ್ಳು. ಚೂರುಗಳ ನಡುವೆ ಗಾಳಿಯಾಡುವುದರಿಂದ ಆವಿ ಹೊರಟು ಹೊದಿಕೆ ಒಣಗಿ ನಿಲ್ಲುತ್ತದೆ. ಕಾರ್ಖಾನೆಗಳಲ್ಲಿ ಬಿಳಿ ಪಾಂಕೊಗೆ ಬ್ರೆಡ್ಡನ್ನು ಓವನ್‌ನಲ್ಲಿ ಸುಡದೆ, ಹಿಟ್ಟಿನ ಮೂಲಕ ವಿದ್ಯುತ್ ಹರಿಸಿಯೇ ಬೇಯಿಸುತ್ತಾರೆ. ಹಾಗಾಗಿ ಕಂದು ಸಿಪ್ಪೆಯೇ ಇರುವುದಿಲ್ಲ.

ಮನೆಯಲ್ಲಿ ಮಾಡುವುದು ಸುಲಭ, ಮತ್ತು ನಮ್ಮ ಅಭಿಪ್ರಾಯದಲ್ಲಿ ಡಬ್ಬದ ಪಾಂಕೊಗಿಂತ ಚೆನ್ನ. ಬೇಕರಿಯ ಸಾದಾ ಸ್ಯಾಂಡ್‌ವಿಚ್ ಬ್ರೆಡ್ ಎಂಟು ಸ್ಲೈಸ್ ತೆಗೆದುಕೊಳ್ಳಿ. ಸಿಹಿ ಬ್ರೆಡ್, ಮಿಲ್ಕ್ ಬ್ರೆಡ್ ಬೇಡ, ಅದರ ಸಕ್ಕರೆಗೆ ಎರಡೇ ನಿಮಿಷದಲ್ಲಿ ಹೊದಿಕೆ ಕಪ್ಪಾಗುತ್ತದೆ, ಮಾಂಸ ಹಸಿಯಾಗೇ ಇರುತ್ತದೆ. ಅಂಚು ತೆಗೆದು ಒಂದು ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದದ್ದನ್ನು ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿಯಿರಿ. ಮಿಕ್ಸಿಯಾದರೆ ಒಂದೊಂದು ಸೆಕೆಂಡಿಗೆ ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿ, ಒಮ್ಮೆ ಹೆಚ್ಚಾದರೂ ಪುಡಿಯಾಗುತ್ತದೆ. ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಒಂದು ಗಂಟೆ ಆರಿಸಿದರೆ ಆಯಿತು. ಹಿಡಿದರೆ ಮೆತ್ತಗೆ, ಬಿಟ್ಟರೆ ಉದುರುದುರು, ಅದು ಹದ. ಇದನ್ನು ಹೊದಿಸಿ ಕರಿದಾಗ ತರಿ ಮುಳ್ಳು ನಿಂತಂತೆ ನಿಲ್ಲುತ್ತದೆ. ನಾಲ್ಕು ತುಂಡಿಗೆ ಸುಮಾರು 120 ಗ್ರಾಂ ಬೇಕು. ರಸ್ಕ್ ಕುಟ್ಟಿದ ಪುಡಿ ಬಳಸಬೇಡಿ. ಅದು ಒಮ್ಮೆ ಕಂದಾಗಿರುವ ಬ್ರೆಡ್, ಮತ್ತೆ ಎಣ್ಣೆ ಕಂಡರೆ ಕಹಿಯಾಗುತ್ತದೆ.

ಪ್ರಶ್ನೆ: ಥರ್ಮಾಮೀಟರ್ ಇಲ್ಲದೆ ಎಣ್ಣೆಯ ಕಾವು ತಿಳಿಯುವುದು ಹೇಗೆ? ಕೋಳಿ ತುಂಡು ಹೊರಗೆ ಕಪ್ಪು, ಒಳಗೆ ಹಸಿ ಆಗುತ್ತಿದೆ. (ಮೈಸೂರು)

ಉತ್ತರ: ಬೇಕಾದ ಕಾವು 170 ಡಿಗ್ರಿ ಸೆಲ್ಸಿಯಸ್. ಒಂದು ಚಿಟಿಕೆ ಬ್ರೆಡ್ ತರಿ ಹಾಕಿ. ತಳ ಮುಟ್ಟಿ ನಿಧಾನಕ್ಕೆ ಮೇಲೆ ಬಂದರೆ 160ರ ಆಸುಪಾಸು, ಇನ್ನೂ ಕಾಯಬೇಕು. ಅರ್ಧಕ್ಕೆ ಇಳಿದು ಥಟ್ಟನೆ ಎದ್ದು ಹರಡಿದರೆ 170. ಮುಳುಗದೆ ಮೇಲೆಯೇ ಚುರುಗುಟ್ಟಿ ಚದುರಿದರೆ 180 ದಾಟಿದೆ. ಪೂರಿಗೆ ಕಾಯಿಸುವಷ್ಟು ಎಣ್ಣೆ ಕಾದರೆ ಕಟ್ಸುಗೆ ಅತಿಯಾಯಿತು, ಬಹಳ ಜನರ ಕೈ ತಪ್ಪುವುದು ಇಲ್ಲೇ.

ಬಾಣಲೆಯಲ್ಲಿ ನಾಲ್ಕು ಸೆಂಟಿಮೀಟರ್ ಆಳ ಎಣ್ಣೆ ಇರಲಿ. ಸೂರ್ಯಕಾಂತಿ ಅಥವಾ ತೌಡಿನ ಎಣ್ಣೆ ಒಳ್ಳೆಯದು, ಕೊಬ್ಬರಿ ಎಣ್ಣೆಯ ವಾಸನೆ ಇದಕ್ಕೆ ಹೊಂದದು. ಒಂದು ಸಲಕ್ಕೆ ಎಣ್ಣೆಯ ಅರ್ಧ ಮೈ ಮುಚ್ಚುವಷ್ಟೇ ತುಂಡು ಬಿಡಿ. ಫ್ರಿಜ್ಜಿನಿಂದ ನೇರ ತೆಗೆದ ಮಾಂಸ ಹಾಕಿದರೆ ಕಾವು ಇಪ್ಪತ್ತು ಡಿಗ್ರಿ ಇಳಿದು ಹೊದಿಕೆ ಎಣ್ಣೆ ಕುಡಿಯುತ್ತದೆ. ಹದಿನೈದು ನಿಮಿಷ ಮೊದಲೇ ಹೊರಗಿಡಿ.

ಕೋಳಿಯ ಎದೆ ಮಾಂಸ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹಾಗೇ ಕರಿದರೆ ನಿಮಗಾದದ್ದೇ ಆಗುವುದು. ದಪ್ಪ ಭಾಗವನ್ನು ಚೂರಿಯಿಂದ ಅಡ್ಡಲಾಗಿ ಸೀಳಿ ಪುಸ್ತಕದ ಹಾಗೆ ತೆರೆದು, ಎಲ್ಲ ಕಡೆ ಒಂದು ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಅದಕ್ಕೆ 170ರಲ್ಲಿ ಮೂರೂವರೆಯಿಂದ ನಾಲ್ಕು ನಿಮಿಷ ಸಾಕು. ಒಂದೂವರೆ ಸೆಂಟಿಮೀಟರಿನ ಹಂದಿ ಮಾಂಸಕ್ಕೆ ನಾಲ್ಕೂವರೆಯಿಂದ ಐದು, ನಡುವೆ ಒಮ್ಮೆ ಮಾತ್ರ ಮಗುಚಿ. ಮೊದಲು ದೊಡ್ಡ ಗುಳ್ಳೆಗಳ ಜೋರು ಸದ್ದು, ಬೇಯುತ್ತಾ ಬಂದಂತೆ ಗುಳ್ಳೆ ಸಣ್ಣದಾಗಿ ಸದ್ದು ಕೀಚಲಾಗುತ್ತದೆ. ಆಗ ತೆಗೆದು ಜಾಲರಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಕಾಗದದ ಮೇಲೆ ಮಲಗಿಸಿದರೆ ಅಡಿಯ ಹೊದಿಕೆ ತನ್ನದೇ ಆವಿಯಲ್ಲಿ ನೆನೆಯುತ್ತದೆ. ನಾಲ್ಕು ನಿಮಿಷ ಬಿಡಿ. ಒಳಗಿನ ಬೇಯುವಿಕೆ ಮುಗಿಯುವುದು, ರಸ ನೆಲೆಗೊಳ್ಳುವುದು ಈ ಹೊತ್ತಿನಲ್ಲಿ. ಬಡಿಸುವ ಮುನ್ನ ಎಣ್ಣೆಯನ್ನು 180ಕ್ಕೆ ಏರಿಸಿ ಮತ್ತೆ ಅರ್ಧ ನಿಮಿಷ ಮುಳುಗಿಸಿದರೆ ಹೊದಿಕೆಯ ತೇವ ಪೂರ್ತಿ ಹಾರುತ್ತದೆ.

ಹಂದಿ, ಕೋಳಿ ಎರಡನ್ನೂ ಅರೆಬೆಂದದ್ದು ತಿನ್ನುವ ಹಾಗಿಲ್ಲ. ದಪ್ಪ ಜಾಗವನ್ನು ಕೊಯ್ದಾಗ ಕೆಂಪು ರಸ ಬರಬಾರದು. ಮಾಂಸದ ಥರ್ಮಾಮೀಟರ್ ಇದ್ದರೆ ನಡುವೆ 75 ಡಿಗ್ರಿ ತೋರಿಸಬೇಕು.

ಪ್ರಶ್ನೆ: ಜಪಾನಿನ ಕರ್ರಿ ಬ್ಲಾಕ್ ಇಲ್ಲದೆ ಗೊಜ್ಜು ಮಾಡಬಹುದೇ? ಅಳತೆ ಸಮೇತ ತಿಳಿಸಿ. (ಉಡುಪಿ)

ಉತ್ತರ: ಖಂಡಿತ ಮಾಡಬಹುದು. ಜಪಾನಿನ ಕರ್ರಿ ದಪ್ಪವಾಗುವುದು ಬೆಣ್ಣೆಯಲ್ಲಿ ಹುರಿದ ಮೈದಾದಿಂದ. ಇದಕ್ಕೆ ‘ರೂ’ ಎನ್ನುತ್ತಾರೆ. ಅಂಗಡಿಯ ಬ್ಲಾಕ್ ಎಂದರೆ ಇದೇ ರೂ, ಮಸಾಲೆ, ಉಪ್ಪು, ಸಕ್ಕರೆ ಸೇರಿಸಿ ಚಾಕೊಲೇಟಿನ ಹಾಗೆ ಅಚ್ಚು ಹೊಯ್ದದ್ದು. ಮೀಜಿ ಚಕ್ರವರ್ತಿಯ ಕಾಲದಲ್ಲಿ (1868-1912) ಬ್ರಿಟಿಷರ ಮೂಲಕ ಕರ್ರಿ ಜಪಾನಿಗೆ ಹೋಯಿತು. 1872ರಲ್ಲೇ ಅದರ ವಿಧಾನ ಅಲ್ಲಿನ ಅಡುಗೆ ಪುಸ್ತಕಗಳಲ್ಲಿ ಅಚ್ಚಾಯಿತು. ಹಿಟ್ಟು ಹಾಕಿ ದಪ್ಪ ಮಾಡುವ ಕ್ರಮ ಬ್ರಿಟಿಷರಿಂದ ಬಂದು ಅಲ್ಲಿಯೇ ನಿಂತಿತು.

ನಾಲ್ಕು ಜನಕ್ಕೆ ಅಳತೆ ಹೀಗೆ: ಈರುಳ್ಳಿ 400 ಗ್ರಾಂ, ಕ್ಯಾರೆಟ್ ಒಂದು ದೊಡ್ಡದು, ತುರಿದ ಶುಂಠಿ ಮತ್ತು ಬೆಳ್ಳುಳ್ಳಿ ಒಂದೊಂದು ಟೀ ಚಮಚ, ಅರ್ಧ ಸೇಬು, ಕೋಳಿ ಮೂಳೆ ಅಥವಾ ತರಕಾರಿ ಬೇಯಿಸಿದ ರಸ 900 ಮಿಲಿ. ರೂಗೆ ಉಪ್ಪಿಲ್ಲದ ಬೆಣ್ಣೆ 50 ಗ್ರಾಂ, ಮೈದಾ 50 ಗ್ರಾಂ, ಕರ್ರಿ ಪುಡಿ ಎರಡು ದೊಡ್ಡ ಚಮಚ. ಕೊನೆಗೆ ಸೋಯಾ ಸಾಸ್, ವೂಸ್ಟರ್ ಸಾಸ್, ಟೊಮೆಟೊ ಕೆಚಪ್ ಒಂದೊಂದು ದೊಡ್ಡ ಚಮಚ, ಉಪ್ಪು ಒಂದು ಟೀ ಚಮಚ.

ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಇಪ್ಪತ್ತೈದು ನಿಮಿಷ ಹುರಿಯಿರಿ. ಬಿರಿಯಾನಿಯ ಗರಿ ಈರುಳ್ಳಿಯಲ್ಲ. ತಳ ಹಿಡಿದಾಗಲೆಲ್ಲ ಒಂದು ಚಮಚ ನೀರು ಚಿಮುಕಿಸಿ ಕೆರೆದು, ಪಾಯಸದ ಬೆಲ್ಲದ ಬಣ್ಣಕ್ಕೆ ಮುದ್ದೆಯಾಗುವ ತನಕ ಹುರಿಯಬೇಕು. ಗೊಜ್ಜಿನ ಸಿಹಿ ಇದರಲ್ಲೇ ಇದೆ. ಶುಂಠಿ, ಬೆಳ್ಳುಳ್ಳಿ, ಕ್ಯಾರೆಟ್ ಸೇರಿಸಿ, ರಸ ಹೊಯ್ದು, ತುರಿದ ಸೇಬು ಹಾಕಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ. ಕುಕ್ಕರ್ ಬೇಡ.

ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ರೂ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ, ಅತಿ ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ಕೈ ಬಿಡದೆ ತಿರುವಿ. ಮೊದಲ ಐದು ನಿಮಿಷ ಅದು ಒದ್ದೆ ಮರಳಿನ ಹಾಗೆ ಸೌಟಿಗೆ ಹತ್ತಿಕೊಳ್ಳುತ್ತದೆ, ಹಸಿ ಹಿಟ್ಟಿನ ವಾಸನೆ. ನಂತರ ಸಡಿಲಾಗಿ ನೊರೆಯೆದ್ದು ಬೇಕರಿ ಬಿಸ್ಕತ್ತಿನ ಪರಿಮಳ ಬರುತ್ತದೆ. ಹತ್ತು ನಿಮಿಷಕ್ಕೆ ಕಡಲೆಬೀಜದ ಸಿಪ್ಪೆಯ ಬಣ್ಣ, ಹದಿನೈದಕ್ಕೆ ಒಳಗಿನ ಬೀಜದ ಮೇಲಿನ ಕೆಂಪು ಹೊಟ್ಟಿನ ಬಣ್ಣ. ಅಲ್ಲಿಗೆ ನಿಲ್ಲಿಸಿ. ಇನ್ನೂ ಹುರಿದರೆ ಹಿಟ್ಟಿನ ಪಿಷ್ಟ ಒಡೆದು ದಪ್ಪ ಮಾಡುವ ಶಕ್ತಿ ಹೋಗುತ್ತದೆ. ಕಪ್ಪು ಚುಕ್ಕೆ ಕಂಡರೆ ಬೆಣ್ಣೆ ಸೀದಿದೆ, ಸರಿಪಡಿಸಲು ಹೋಗದೆ ಹೊಸದಾಗಿ ಮಾಡಿ. ಬೆಣ್ಣೆ ಬದಲು ತುಪ್ಪವೂ ಆದೀತು, ಆದರೆ 40 ಗ್ರಾಂ ಸಾಕು, ಬೆಣ್ಣೆಯ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ನೀರು ಮತ್ತು ಹಾಲಿನಂಶ ಇರುತ್ತದೆ. ಉರಿ ಆರಿಸಿದ ಮೇಲೆ ಕರ್ರಿ ಪುಡಿ ಹಾಕಿ, ಆ ಕಾವೇ ಪುಡಿಗೆ ಸಾಕು.

ಕುದಿಯುವ ರಸದಿಂದ ಒಂದು ಸೌಟು ತೆಗೆದು ರೂಗೆ ಹೊಯ್ದು ಕಲಸಿ. ಮೊದಲು ಅದು ಗಂಟಲು ಕಟ್ಟಿದ ಹಾಗೆ ಮುದ್ದೆಗಟ್ಟುತ್ತದೆ, ಹೆದರಬೇಡಿ. ಎರಡನೆಯ, ಮೂರನೆಯ ಸೌಟಿಗೆ ನುಣುಪಾಗಿ ಇಡ್ಲಿ ಹಿಟ್ಟಿನಂತಾಗುತ್ತದೆ. ಅದನ್ನು ದೊಡ್ಡ ಪಾತ್ರೆಗೆ ಸೇರಿಸಿ, ಸಾಸುಗಳು ಮತ್ತು ಉಪ್ಪು ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ. ಸೌಟಿನ ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಕಟ್ಸುಗೆ ಹೋಟೆಲಿನ ನುಣುಪು ಬೇಕಾದರೆ ಜರಡಿಯಲ್ಲಿ ಸೋಸಿ. ಆಲೂಗಡ್ಡೆ ಬೇಕೆನ್ನುವವರು ಬೇರೆಯಾಗಿ ಬೇಯಿಸಿ ಹಾಕಿಕೊಳ್ಳಲಿ, ಕಟ್ಸು ಇರುವಾಗ ಅದಿಲ್ಲದಿದ್ದರೇ ತಟ್ಟೆ ಹಗುರ.

ಪ್ರಶ್ನೆ: ಕರ್ರಿ ಪುಡಿಗೆ ಬದಲು ಸಾರಿನ ಪುಡಿ ಹಾಕಬಹುದೇ? (ಶಿವಮೊಗ್ಗ)

ಉತ್ತರ: ಹಾಕಿದರೆ ಸಾರಿನ ರುಚಿಯೇ ಬರುತ್ತದೆ. ಇಂಗು, ಕರಿಬೇವು, ಬ್ಯಾಡಗಿಯ ಪ್ರಮಾಣ ಮೂರೂ ಎಡವಟ್ಟು. ಜಪಾನಿನ ಪುಡಿಯಲ್ಲಿ ಅರಿಶಿನ, ಕೊತ್ತಂಬರಿ, ಜೀರಿಗೆ, ಮೆಂತ್ಯ ಮುಂದಿರುತ್ತವೆ, ಖಾರ ಹಿಂದೆ. ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ ಎರಡು ಟೀ ಚಮಚ, ಮೆಂತ್ಯ ಮುಕ್ಕಾಲು, ಸೋಂಪು ಅರ್ಧ, ಕಾಳುಮೆಣಸು ಅರ್ಧ ಟೀ ಚಮಚ, ಏಲಕ್ಕಿ ನಾಲ್ಕು, ಲವಂಗ ಮೂರು, ಎರಡು ಸೆಂಟಿಮೀಟರ್ ಚಕ್ಕೆ, ಒಣಗಿಸಿದ ಕಿತ್ತಳೆ ಸಿಪ್ಪೆ ಬೆರಳುಗುರಿನಷ್ಟು. ಬೆಚ್ಚಗಾಗುವಷ್ಟೇ ಹುರಿದು ಪುಡಿ ಮಾಡಿ, ಅರಿಶಿನ ಎರಡು ಟೀ ಚಮಚ, ಅಚ್ಚಖಾರದ ಪುಡಿ ಅರ್ಧ ಟೀ ಚಮಚ ಬೆರೆಸಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಒಂದು ವಾರ ಕೂತರೆ ಅರಿಶಿನದ ಒಗರು ತಗ್ಗಿ ಎಲ್ಲ ಒಂದೇ ವಾಸನೆಯಾಗುತ್ತದೆ. ಕಿತ್ತಳೆ ಸಿಪ್ಪೆಯನ್ನು ಬಿಡಬೇಡಿ, ಜಪಾನಿನ ಗುರುತು ಅದರಲ್ಲಿದೆ.

ಪ್ರಶ್ನೆ: ಇಲ್ಲಿ ಬ್ಲಾಕ್ ಎಲ್ಲ ಬಗೆಯದೂ ಸಿಗುತ್ತದೆ. ಆದರೂ ಕೆಲವೊಮ್ಮೆ ಗಂಟಾಗುತ್ತದೆ, ಕೆಲವೊಮ್ಮೆ ದಪ್ಪವಾಗಿದ್ದದ್ದು ಒಂದು ಗಂಟೆಯಲ್ಲಿ ನೀರಾಗುತ್ತದೆ. ಕೊನೆಗೆ ಒಂದು ಚಮಚ ಜೇನು ಹಾಕುತ್ತೇನೆ, ಬೇರೇನೂ ಇಲ್ಲ. (ಯೊಕೊಹಾಮಾದ ಕನ್ನಡತಿ)

ಉತ್ತರ: ಗಂಟಿಗೆ ಕಾರಣ ಕುದಿಯುವ ನೀರಿಗೆ ಬ್ಲಾಕ್ ಹಾಕಿದ್ದು. ಹೊರಮೈಯ ಹಿಟ್ಟು ತಕ್ಷಣ ಬೆಂದು ಅಂಟಾಗಿ, ಒಳಗಿನದಕ್ಕೆ ನೀರು ತಾಕದಂತೆ ಮುಚ್ಚಿಬಿಡುತ್ತದೆ. ಒಲೆ ಆರಿಸಿ, ಕುದಿ ಇಳಿದ ಮೇಲೆ ಮುರಿದು ಹಾಕಿ, ಪೂರ್ತಿ ಕರಗಿದ ಮೇಲೆ ಮತ್ತೆ ಸಣ್ಣ ಉರಿಗೆ ಇಟ್ಟು ತಿರುವಿ.

ನೀರಾದದ್ದಕ್ಕೆ ಕಾರಣ ನೀವೇ ಹೇಳಿದ ಜೇನು. ಜೇನಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇದೆ. ಕೊನೆಗೆ ಹಾಕಿದರೆ ಆ ಕಿಣ್ವ ಸಾಯುವಷ್ಟು ಬೇಯದೆ ಮೈದಾದ ಮೇಲೆ ಕೆಲಸ ಮಾಡುತ್ತಲೇ ಇರುತ್ತದೆ. ಜೇನನ್ನು ಬ್ಲಾಕಿಗಿಂತ ಮೊದಲು, ತರಕಾರಿಯ ಜೊತೆಗೇ ಹಾಕಿ ಇಪ್ಪತ್ತು ನಿಮಿಷ ಕುದಿಸಿ. ನಮ್ಮ ಎಂಜಲಿನಲ್ಲೂ ಅಂಥದ್ದೇ ಕಿಣ್ವವಿದೆ. ರುಚಿ ನೋಡಿದ ಚಮಚವನ್ನೇ ಪಾತ್ರೆಗೆ ಮತ್ತೆ ಇಳಿಸಿದರೂ ಗೊಜ್ಜು ತೆಳ್ಳಗಾಗಬಹುದು. ಎಂಜಲು ಸೌಟು ಪಾತ್ರೆಗೆ ತಾಕಬಾರದೆಂಬ ನಮ್ಮ ಮನೆಗಳ ನಿಯಮ ಇಲ್ಲಿ ಅಕ್ಷರಶಃ ಸರಿ.

ಸಿಹಿ ಇಷ್ಟವಾದರೆ ಸೇಬು ಮತ್ತು ಜೇನಿನ ರುಚಿಯ ‘ವರ್ಮಾಂಟ್ ಕರ್ರಿ’ (ಹೌಸ್ ಕಂಪನಿ ಇದನ್ನು 1963ರಲ್ಲಿ ತಂದಿತು) ಕೊಳ್ಳಿ, ಜೇನು ಬೇರೆ ಬೇಡವೇ ಬೇಡ. ಮಸಾಲೆ ಮುಂದಿರಬೇಕಾದರೆ ಎಸ್ ಅಂಡ್ ಬಿ ಕಂಪನಿಯ ‘ಗೋಲ್ಡನ್ ಕರ್ರಿ’.

ಪ್ರಶ್ನೆ: ನಾವು ಮಾಂಸ, ಮೊಟ್ಟೆ ಎರಡೂ ತಿನ್ನುವುದಿಲ್ಲ. (ದಾವಣಗೆರೆ)

ಉತ್ತರ: ಮೊದಲ ಎಚ್ಚರಿಕೆ ಬ್ಲಾಕಿನದು. ಎಷ್ಟೋ ಬ್ಲಾಕುಗಳಲ್ಲಿ ದನ ಅಥವಾ ಹಂದಿಯ ಕೊಬ್ಬು, ಮಾಂಸದ ಸಾರ ಇರುತ್ತದೆ. ಪೊಟ್ಟಣದ ಮೇಲೆ ತರಕಾರಿ ಚಿತ್ರವಿದ್ದ ಮಾತ್ರಕ್ಕೆ ನಂಬಬೇಡಿ, ಹಸಿರು ಚುಕ್ಕೆ ಮತ್ತು ಪದಾರ್ಥಗಳ ಪಟ್ಟಿ ನೋಡಿ. ಮೇಲೆ ಹೇಳಿದ ರೂ ಮನೆಯಲ್ಲೇ ಮಾಡಿಕೊಂಡರೆ ಚಿಂತೆಯಿಲ್ಲ. ಹೊರಗಿನ ವೂಸ್ಟರ್ ಸಾಸಿನಲ್ಲಿ ಮೀನು ಇರಬಹುದು, ಅದರ ಬದಲು ಅರ್ಧ ಟೀ ಚಮಚ ಹುಣಸೆ ರಸ, ಅಷ್ಟೇ ಬೆಲ್ಲ.

ಮೊಟ್ಟೆಯ ಬದಲಿಗೆ ನಾಲ್ಕು ದೊಡ್ಡ ಚಮಚ ಮೈದಾವನ್ನು ಐದಾರು ಚಮಚ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಒಣ ಮೈದಾ, ಈ ಹಿಟ್ಟು, ಬ್ರೆಡ್ ತರಿ, ಇದೇ ಕ್ರಮ. ಒಳಗೆ ಏನಿಡಬೇಕೆಂದರೆ ನಮ್ಮ ಮೊದಲ ಆಯ್ಕೆ ಸುವರ್ಣಗೆಡ್ಡೆ. ಒಂದು ಸೆಂಟಿಮೀಟರ್ ದಪ್ಪದ ಹೋಳನ್ನು ಉಪ್ಪು ಮತ್ತು ತುಸು ಹುಣಸೆ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ ಹೊದಿಸಿ. ಹುಣಸೆ ನೀರು ತುರಿಕೆ ತೆಗೆಯುತ್ತದೆ, ಗೆಡ್ಡೆಯ ನಾರು ಕಚ್ಚಲು ಮಾಂಸದಷ್ಟೇ ಗಟ್ಟಿ. ಪನೀರ್ ಆದರೆ ಗಟ್ಟಿಯದನ್ನು ಅರ್ಧ ಗಂಟೆ ಭಾರವಿಟ್ಟು ನೀರು ಹಿಂಡಿ. ಒಳಗೆ ಬೇಯಬೇಕಾದದ್ದೇನೂ ಇಲ್ಲವಾದ್ದರಿಂದ ಎರಡಕ್ಕೂ 180ರಲ್ಲಿ ಎರಡು ನಿಮಿಷ ಸಾಕು.

ಪ್ರಶ್ನೆ: ಏರ್ ಫ್ರೈಯರಿನಲ್ಲಿ ಆಗುತ್ತದೆಯೇ? (ಪುಣೆ)

ಉತ್ತರ: ಆಗುತ್ತದೆ, ಆದರೆ ಹಾಗೇ ಇಟ್ಟರೆ ತರಿ ಬೆಳ್ಳಗೆ ಒಣಗಿ ಬಾಯಿಗೆ ಚುಚ್ಚುತ್ತದೆ. 100 ಗ್ರಾಂ ತರಿಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಆರಿಸಿ, ಆಮೇಲೆ ಹೊದಿಸಿ. ಒಂದು ಸೆಂಟಿಮೀಟರಿನ ಕೋಳಿಗೆ 190 ಡಿಗ್ರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ. ಎಣ್ಣೆಯಲ್ಲಿ ಕರಿದದ್ದರ ರುಚಿ ಮಾತ್ರ ಬೇರೆಯೇ.

ಪ್ರಶ್ನೆ: ಜಪಾನಿನ ಕರ್ರಿಗೂ ಭಾರತಕ್ಕೂ ನೇರ ನಂಟು ಇಲ್ಲವೇ? ಎಲ್ಲ ಬ್ರಿಟಿಷರ ಮೂಲಕವೇ? (ಧಾರವಾಡ)

ಉತ್ತರ: ಒಂದು ನೇರ ನಂಟಿದೆ. ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸ್ 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದಾಗ, ಟೋಕಿಯೊದ ಶಿಂಜುಕುವಿನ ನಕಮುರಾಯಾ ಎಂಬ ಬೇಕರಿಯ ಸೋಮಾ ದಂಪತಿ ಅವರನ್ನು ಬಚ್ಚಿಟ್ಟು ಕಾಪಾಡಿದರು. ಮುಂದೆ ಅವರ ಮಗಳು ತೋಶಿಕೊಳನ್ನೇ ಬೋಸ್ ಮದುವೆಯಾದರು. 1927ರಲ್ಲಿ ನಕಮುರಾಯಾ ಊಟದ ವಿಭಾಗ ತೆರೆದಾಗ ಬೋಸ್ ತೋರಿಸಿಕೊಟ್ಟ, ಮೂಳೆ ಸಮೇತ ಕೋಳಿಯ ಭಾರತೀಯ ಕರ್ರಿ ಅಲ್ಲಿ ಬಡಿಸಲು ಶುರುವಾಯಿತು. ಅದು ಈಗಲೂ ಅಲ್ಲಿ ಸಿಗುತ್ತದೆ. ಆದರೆ ಕಟ್ಸುವಿನ ಕೆಳಗೆ ಬರುವ ಮೈದಾದ ಗೊಜ್ಜು ಆ ಕವಲಿನದಲ್ಲ.

ಪ್ರಶ್ನೆ: ಯಾವ ಅಕ್ಕಿ? ತಟ್ಟೆಗೆ ಹಾಕುವ ಕ್ರಮ ಏನಾದರೂ ಇದೆಯೇ? (ಮಂಗಳೂರು)

ಉತ್ತರ: ಜಪಾನಿನ ಅಕ್ಕಿ ಗಿಡ್ಡ, ಬೆಂದರೆ ಒಂದಕ್ಕೊಂದು ಅಂಟುತ್ತದೆ. ನಮ್ಮಲ್ಲಿ ಹೊಸ ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ. ಮುದ್ದೆಯಾಗುತ್ತದೆಂದು ಹೊಸ ಅಕ್ಕಿಯನ್ನು ದೂರುವವರಿಗೆ ಇಲ್ಲಿ ಅದೇ ಗುಣ ಬೇಕಾಗಿದೆ. ಬಾಸುಮತಿ ಬೇಡ, ಗೊಜ್ಜು ಕಾಳಿನಿಂದ ಜಾರಿ ತಟ್ಟೆಯಲ್ಲಿ ಬೇರೆ ನಿಲ್ಲುತ್ತದೆ. ಕುಚಲಕ್ಕಿಯ ಗಟ್ಟಿತನ ಈ ಗೊಜ್ಜಿಗೆ ಒಗ್ಗದು.

ಅಗಲವಾದ ತಟ್ಟೆಯ ಒಂದು ಅರ್ಧಕ್ಕೆ ಅನ್ನ, ಇನ್ನೊಂದು ಅರ್ಧಕ್ಕೆ ಗೊಜ್ಜು. ಕಟ್ಸುವನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ, ಚೂರಿಯನ್ನು ಹಿಂದೆ ಮುಂದೆ ಗರಗಸದಂತೆ ಎಳೆಯದೆ, ಮೇಲಿಂದ ಕೆಳಗೆ ಒಂದೇ ಒತ್ತಿಗೆ ಕತ್ತರಿಸಿ. ಪಟ್ಟಿಗಳನ್ನು ಬಿಡಿಸದೆ ಹಾಗೇ ಎತ್ತಿ ಅನ್ನದ ಮೇಲೆ, ಗೊಜ್ಜಿನ ಅಂಚಿಗೆ ತಾಗುವಂತೆ ಇಡಿ. ಪೂರ್ತಿ ಮುಚ್ಚುವ ಹಾಗೆ ಗೊಜ್ಜು ಸುರಿದರೆ ಅಷ್ಟು ಹೊತ್ತು ಪಟ್ಟ ಶ್ರಮ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ. ಕನಜಾವಾ ಊರಿನ ಶೈಲಿಯಲ್ಲಿ ಮಾತ್ರ ಕಪ್ಪಗಿನ ಗಟ್ಟಿ ಗೊಜ್ಜು ಅನ್ನವನ್ನೆಲ್ಲ ಮುಚ್ಚಿ, ಮೇಲೆ ಕಟ್ಸು, ಅದರ ಮೇಲೆ ಸಾಸ್, ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಕೋಸು, ಸ್ಟೀಲ್ ತಟ್ಟೆಯಲ್ಲಿ ಬರುತ್ತದೆ. ನಂಚಿಕೊಳ್ಳಲು ಜಪಾನಿನಲ್ಲಿ ಫುಕುಜಿಂಝುಕೆ ಎಂಬ ಸಿಹಿ-ಉಪ್ಪಿನ ಮೂಲಂಗಿ ಮಿಶ್ರಣ ಇಡುತ್ತಾರೆ. ಮೂಲಂಗಿ ಚೂರನ್ನು ಉಪ್ಪು ಹಾಕಿ ಹಿಂಡಿ, ಸೋಯಾ ಸಾಸ್, ಸಕ್ಕರೆ, ವಿನೆಗರ್ ಸಮ ಅಳತೆಯಲ್ಲಿ ಕುದಿಸಿ ಆರಿಸಿದ ರಸದಲ್ಲಿ ಒಂದು ರಾತ್ರಿ ಇಟ್ಟರೆ ಹತ್ತಿರದ ರುಚಿ ಬರುತ್ತದೆ. ನಮ್ಮ ಮಾವಿನ ಉಪ್ಪಿನಕಾಯಿಯ ಎಣ್ಣೆ, ಸಾಸಿವೆ ಈ ಗೊಜ್ಜನ್ನು ಅಡಗಿಸಿಬಿಡುತ್ತದೆ.

ಪ್ರಶ್ನೆ: ಉಳಿದ ಗೊಜ್ಜು ಮರುದಿನ ಇನ್ನೂ ರುಚಿ ಎನ್ನುತ್ತಾರೆ. ರಾತ್ರಿ ಒಲೆಯ ಮೇಲೇ ಬಿಟ್ಟು ಬೆಳಿಗ್ಗೆ ಕುದಿಸಿದರೆ ಸಾಕಲ್ಲವೇ? (ಬೆಳಗಾವಿ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮರುದಿನದ ರುಚಿ ನಿಜ, ಆದರೆ ಇಂಥ ದಪ್ಪ ಗೊಜ್ಜು ಪಾತ್ರೆಯ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಗಾಳಿಯೂ ಆಡುವುದಿಲ್ಲ. ಕುದಿಸಿದರೂ ಸಾಯದ ಬೀಜಕಗಳಿಂದ ಹುಟ್ಟುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಜಪಾನಿನಲ್ಲಿ ಉಳಿದ ಕರ್ರಿಯಿಂದಾಗುವ ಹೊಟ್ಟೆಕೆಡುಕಿಗೆ ಇದು ಹೆಸರಾದ ಕಾರಣ. ಊಟ ಮುಗಿದ ಕೂಡಲೇ ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಎರಡು ಮೂರು ಸೆಂಟಿಮೀಟರ್ ಎತ್ತರಕ್ಕೆ ಹರಡಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಕೈಯಾಡಿಸುತ್ತಾ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಎರಡು ದಿನದಲ್ಲಿ ಮುಗಿಸಿ. ಬಿಸಿ ಮಾಡುವಾಗ ಒಂದು ಸೌಟು ನೀರು ಬೆರೆಸಿ, ತಳದಿಂದ ತಿರುವುತ್ತಾ ಎಲ್ಲ ಕಡೆ ಗುಳುಗುಳು ಕುದಿ ಬರಿಸಿ. ಫ್ರೀಜರಿನಲ್ಲಿ ಒಂದು ತಿಂಗಳು ಇಡಬಹುದು, ಆಲೂಗಡ್ಡೆ ಇದ್ದರೆ ಮೊದಲೇ ತೆಗೆಯಿರಿ, ಅದು ಕರಗಿದಾಗ ಸ್ಪಂಜಾಗುತ್ತದೆ.

ಉಳಿದ ಕಟ್ಸುವನ್ನು ಮೈಕ್ರೊವೇವ್‌ನಲ್ಲಿಟ್ಟರೆ ಹೊದಿಕೆ ತೊಯ್ದು ಹೋಗುತ್ತದೆ. ಓವನ್ ಇಲ್ಲದಿದ್ದರೆ ದಪ್ಪ ತವೆಯ ಮೇಲೆ, ಎಣ್ಣೆಯಿಲ್ಲದೆ, ಮುಚ್ಚದೆ, ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ನಾಲ್ಕು ನಿಮಿಷ ಇಡಿ, ಒಳಗಿನವರೆಗೆ ಹಬೆಯಾಡುವಷ್ಟು ಬಿಸಿಯಾಗಲಿ. ಮಕ್ಕಳ ಡಬ್ಬಿಗೆ ಕಳಿಸುವುದಾದರೆ ಕಟ್ಸು ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ, ಗೊಜ್ಜನ್ನು ಬೇರೆ ಫ್ಲಾಸ್ಕಿಗೆ ಕುದಿಕುದಿ ತುಂಬಿ.